ಬ್ರೌಸರ್ ಅಪ್‌ಡೇಟ್ ಆಯ್ತು, ಆಡ್-ಆನ್ ಹೋಯ್ತು: ರಿಪೇರಿಗೆ ಕೈ ಹಾಕುವ ಮುನ್ನ

ನಾನು ಮೊದಲು ಕೆಲಸ ಮಾಡುತ್ತಿದ್ದ ಡೆಸ್ಕ್‌ನಲ್ಲಿ ಹಿರಿಯ ಉಪಸಂಪಾದಕಿಯೊಬ್ಬರಿದ್ದರು. ಬರ, ಕೆರೆ, ಬೆಳೆವಿಮೆ ವಿಚಾರದಲ್ಲಿ ಯಾರು ಏನು ಬರೆದರೂ ಅದರ ಒಂದು ಪ್ರತಿ ಅವರ ಹತ್ತಿರ ಇರುತ್ತಿತ್ತು. ವೆಬ್‌ಪುಟಗಳನ್ನು ಚಿತ್ರ ಸಮೇತ ಕಂಪ್ಯೂಟರ್‌ಗೆ ಇಳಿಸಿ, ವಿಷಯವಾರು ಜೋಡಿಸಿಡುವ ಆಡ್-ಆನ್ ಒಂದು ಅವರ ಬ್ರೌಸರ್‌ನಲ್ಲಿತ್ತು. ಎಂಟು ವರ್ಷದ ಸಂಗ್ರಹ. ಅದರಲ್ಲಿದ್ದ ಎಷ್ಟೋ ಪುಟಗಳ ಮೂಲ ವೆಬ್‌ಸೈಟ್‌ಗಳೇ ಆಗಲೇ ಮುಚ್ಚಿಹೋಗಿದ್ದವು.

ಒಂದು ದಿನ ಬೆಳಗ್ಗೆ ಬಂದು ನೋಡಿದರೆ ಬ್ರೌಸರ್ ತಾನಾಗಿಯೇ ಅಪ್‌ಡೇಟ್ ಆಗಿದೆ, ಆ ಬಟನ್ ಮಾಯ. "ಏನೋ ಒತ್ತಿಬಿಟ್ಟೆ ಅನ್ಸುತ್ತೆ ಕಣಪ್ಪ, ಸ್ವಲ್ಪ ನೋಡ್ತೀಯಾ?" ಅಂದರು. "ಇದೊಂದು ಕಾಪಿ ಮುಗಿಸಿ ಬಂದೆ ಮೇಡಂ" ಅಂದೆ. ನಾನು ಹೋಗುವಷ್ಟರಲ್ಲಿ ಕಂಪ್ಯೂಟರ್ ರಿಪೇರಿಗೆ ಬರುವ ಹುಡುಗ ಬಂದು, ಬ್ರೌಸರನ್ನು ಪೂರ್ತಿ ಕಿತ್ತು, ಅದರ ಹಳೇ ಫೋಲ್ಡರ್‌ಗಳನ್ನೆಲ್ಲ ಅಳಿಸಿ, ಫ್ರೆಶ್ ಆಗಿ ಹಾಕಿಕೊಟ್ಟು ಹೋಗಿದ್ದ.

ಆಡ್-ಆನ್ ಸತ್ತಿದ್ದು ನಿಜ. ಆದರೆ ಅದು ಉಳಿಸಿಟ್ಟಿದ್ದ ಪುಟಗಳು ಸತ್ತಿರಲಿಲ್ಲ. ಅವು ಬ್ರೌಸರ್‌ನ ಪ್ರೊಫೈಲ್ ಫೋಲ್ಡರ್‌ನಲ್ಲಿ ಮಾಮೂಲಿ ಫೈಲ್‌ಗಳಾಗಿ ಹಾಗೇ ಕೂತಿದ್ದವು. ಅವನ್ನು ಕೊಂದಿದ್ದು ಅಪ್‌ಡೇಟ್ ಅಲ್ಲ, ರಿಪೇರಿ.

ಈ ಬರಹ ಆ ರಿಪೇರಿಯ ಬಗ್ಗೆ. ಬ್ರೌಸರ್ ಮೇಲ್ದರ್ಜೆಗೇರಿದಾಗ ಆಡ್-ಆನ್ ನಿಲ್ಲುವುದಕ್ಕೆ ಒಂದೇ ಕಾರಣ ಇರೋದಿಲ್ಲ. ಒಂದರ ಮದ್ದು ಇನ್ನೊಂದಕ್ಕೆ ವಿಷ ಆಗಬಹುದು. ಯಾವ ಕಾಯಿಲೆ ಅಂತ ಗೊತ್ತಾಗುವ ತನಕ ಏನನ್ನೂ ಅಳಿಸಬಾರದು ಅನ್ನೋದಷ್ಟೇ ನನ್ನ ವಾದ.

ಮೊದಲು ಹೆಸರುಗಳು

ಜನ ಎಲ್ಲವನ್ನೂ 'ಪ್ಲಗಿನ್' ಅಂತಾರೆ. ಇಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಿವೆ. ಪ್ಲಗಿನ್ ಅಂದರೆ ಬ್ರೌಸರ್‌ನ ಹೊರಗಿನ ಒಂದು ಪ್ರತ್ಯೇಕ ಪ್ರೋಗ್ರಾಂ. ಪುಟದೊಳಗೆ ಒಂದು ಚೌಕ ಜಾಗ ತೆಗೆದುಕೊಂಡು ತನ್ನ ಕೆಲಸ ತಾನು ಮಾಡುತ್ತೆ. ಫ್ಲ್ಯಾಶ್, ಜಾವಾ, ಸಿಲ್ವರ್‌ಲೈಟ್ ಇವೆಲ್ಲ ಈ ಜಾತಿ. ಎಕ್ಸ್‌ಟೆನ್ಷನ್ ಅಂದರೆ ಬ್ರೌಸರ್‌ನ ವರ್ತನೆಯನ್ನೇ ಬದಲಿಸುವ ಚಿಕ್ಕ ತಂತ್ರಾಂಶ. ಜಾಹೀರಾತು ತಡೆಯುವುದು, ಪಾಸ್‌ವರ್ಡ್ ತುಂಬುವುದು, ಟ್ಯಾಬ್ ಜೋಡಿಸುವುದು ಇತ್ಯಾದಿ. ಫೈರ್‌ಫಾಕ್ಸ್‌ನವರು ಎಕ್ಸ್‌ಟೆನ್ಷನ್, ಥೀಮ್, ಭಾಷಾ ಪ್ಯಾಕ್ ಎಲ್ಲವನ್ನೂ ಸೇರಿಸಿ ಆಡ್-ಆನ್ ಅಂತಾರೆ. ನಾನೂ ಹಾಗೇ ಬಳಸುತ್ತೇನೆ.

ವಠಾರದ ಗೋಡೆಗೆ ಮೊಳೆ

2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.0 ಬಂದಾಗ ಅದರ ದೊಡ್ಡ ಆಕರ್ಷಣೆಯೇ ಆಡ್-ಆನ್‌ಗಳು. ಆಗ ಫೈರ್‌ಫಾಕ್ಸ್‌ನ ಮೆನು, ಟೂಲ್‌ಬಾರ್, ಕಿಟಕಿ ಎಲ್ಲವನ್ನೂ 'ಝೂಲ್' ಎಂಬ ಮೊಜಿಲ್ಲಾದವರದೇ ಭಾಷೆಯಲ್ಲಿ ಬರೆಯಲಾಗಿತ್ತು. ಆಡ್-ಆನ್ ಬರೆಯುವವರಿಗೂ ಅದೇ ಭಾಷೆ. ಅಂದರೆ ಆಡ್-ಆನ್ ಬ್ರೌಸರ್‌ನ ಪಕ್ಕದಲ್ಲಿ ಕೂರುತ್ತಿರಲಿಲ್ಲ, ಒಳಗೇ ಬೆರೆತುಹೋಗುತ್ತಿತ್ತು. ಯಾವ ಬಟನ್ ಬೇಕಾದರೂ ಕಿತ್ತು ಬೇರೆ ಕಡೆ ಇಡಬಹುದು. ಕಂಪ್ಯೂಟರ್‌ನ ಫೈಲ್‌ಗಳನ್ನು ಓದಬಹುದು, ಬರೆಯಬಹುದು.

ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ಬಾಡಿಗೆದಾರರಿಗೆ ಯಾವ ಗೋಡೆಗೆ ಬೇಕಾದರೂ ಮೊಳೆ ಹೊಡೆಯುವ ಸ್ವಾತಂತ್ರ್ಯ ಕೊಟ್ಟಿದ್ದಾರೆ ಅಂದುಕೊಳ್ಳಿ. ಒಬ್ಬರು ಒಣಹಾಕುವ ಹಗ್ಗ ಕಟ್ಟಿದರು, ಇನ್ನೊಬ್ಬರು ಅಟ್ಟ ಹಾಕಿದರು, ಮತ್ತೊಬ್ಬರು ಗೋಡೆ ಕೊರೆದು ಕಿಟಕಿಯನ್ನೇ ಇಟ್ಟರು. ಎಲ್ಲರಿಗೂ ಖುಷಿ. ಆದರೆ ಮಾಲೀಕ ಒಂದು ಗೋಡೆ ಕೆಡವಿ ಕಟ್ಟಬೇಕು ಅಂದ ದಿನ ಎಲ್ಲರ ಹಗ್ಗ, ಅಟ್ಟ, ಕಿಟಕಿ ಒಟ್ಟಿಗೆ ಬೀಳುತ್ತವೆ. ಹಳೇ ಆಡ್-ಆನ್‌ಗಳ ಶಕ್ತಿ ಇದೇ, ಅವುಗಳ ಆಯಸ್ಸು ಕಮ್ಮಿಯಾಗಿದ್ದೂ ಇದಕ್ಕೇ.

ಅದಕ್ಕೆ ಮೊಜಿಲ್ಲಾ ಒಂದು ಉಪಾಯ ಮಾಡಿತ್ತು. ಪ್ರತಿ ಆಡ್-ಆನ್ ತಾನು ಯಾವ ಆವೃತ್ತಿಯಿಂದ ಯಾವ ಆವೃತ್ತಿಯವರೆಗೆ ಕೆಲಸ ಮಾಡುತ್ತೇನೆ ಅಂತ ಮೊದಲೇ ಬರೆದುಕೊಳ್ಳಬೇಕು. ಬ್ರೌಸರ್ ಆ ಮಿತಿ ದಾಟಿದರೆ ಆಡ್-ಆನ್ ತಾನಾಗಿ ನಿಲ್ಲುತ್ತೆ. ವರ್ಷಕ್ಕೊಂದು ಆವೃತ್ತಿ ಬರುತ್ತಿದ್ದಾಗ ಇದು ನಡೀತಿತ್ತು. 2011ರಲ್ಲಿ ಮೊಜಿಲ್ಲಾ ಕ್ರೋಮ್‌ನ ವೇಗಕ್ಕೆ ಬಿದ್ದು, ಆರು ವಾರಕ್ಕೊಂದು ಆವೃತ್ತಿ ಬಿಡಲು ಶುರು ಮಾಡಿತು. ಆ ವರ್ಷದ ಮಾರ್ಚ್‌ನಲ್ಲಿ 4 ಬಂದರೆ ಡಿಸೆಂಬರ್‌ಗೆ 9 ಬಂದಿತ್ತು. ಮೊಜಿಲ್ಲಾದ ತಾಣದಲ್ಲಿದ್ದ ಆಡ್-ಆನ್‌ಗಳ ಮಿತಿಯನ್ನು ಅವರೇ ಪರೀಕ್ಷಿಸಿ ಏರಿಸುತ್ತಿದ್ದರು. ಹೊರಗಿನಿಂದ ಹಾಕಿಕೊಂಡವು ಮಾತ್ರ ಆರು ವಾರಕ್ಕೊಮ್ಮೆ ಸಾಯುತ್ತಿದ್ದವು.

ತಮಾಷೆ ಅಂದರೆ ಇವುಗಳಲ್ಲಿ ಎಷ್ಟಕ್ಕೋ ಏನೂ ಆಗಿರುತ್ತಿರಲಿಲ್ಲ. ಒಳಗಿನ ಸಂಖ್ಯೆ ಹಳೆಯದು, ಅಷ್ಟೇ. ಫೈಲ್ ಬಿಚ್ಚಿ, ಆ ಸಂಖ್ಯೆ ತಿದ್ದಿ, ಮತ್ತೆ ಜಿಪ್ ಮಾಡಿ ಹಾಕಿದರೆ ಮೊದಲಿನಂತೆ ಓಡುತ್ತಿತ್ತು. ಹಾಸ್ಟೆಲ್‌ನಲ್ಲಿ ಈ ಒಂದು ವಿದ್ಯೆಯಿಂದ ನಾನು ಎಷ್ಟು ಟೀ ಕುಡಿದಿದ್ದೇನೋ ಲೆಕ್ಕ ಇಲ್ಲ. 2012ರ ಜನವರಿಯಲ್ಲಿ ಬಂದ ಫೈರ್‌ಫಾಕ್ಸ್ 10 ಈ ನಿಯಮವನ್ನು ತಿರುಗಿಸಿತು: ಕೆಲವು ವಿನಾಯಿತಿ ಬಿಟ್ಟರೆ, ಆಡ್-ಆನ್ ಹೊಂದುತ್ತೆ ಅಂತಲೇ ಭಾವಿಸಿ ಓಡಿಸುವುದು. ಆ ಮಟ್ಟಿಗೆ ಗೋಳು ತಪ್ಪಿತು.

2017ರ ನವೆಂಬರ್ 14

ಆದರೆ ವಠಾರದ ಮೂಲ ಸಮಸ್ಯೆ ಹಾಗೇ ಇತ್ತು. ಕ್ರೋಮ್ ಆರಂಭದಿಂದಲೇ ಪ್ರತಿ ಟ್ಯಾಬನ್ನು ಬೇರೆ ಪ್ರಕ್ರಿಯೆಯಾಗಿ ಓಡಿಸುತ್ತಿತ್ತು; ಒಂದು ಪುಟ ಕುಸಿದರೆ ಬ್ರೌಸರ್ ಇಡೀ ಕುಸಿಯುತ್ತಿರಲಿಲ್ಲ. ಫೈರ್‌ಫಾಕ್ಸ್‌ಗೆ ಇದು ಬರಬೇಕಾದರೆ ಒಳಗಿನ ರಚನೆಯನ್ನೇ ಬದಲಿಸಬೇಕಿತ್ತು. ಬದಲಿಸಲು ಹೋದರೆ ಆಡ್-ಆನ್‌ಗಳು ಮುರಿಯುತ್ತವೆ. 2016ರ ಆಗಸ್ಟ್‌ನಲ್ಲಿ 48ನೇ ಆವೃತ್ತಿಯೊಂದಿಗೆ ಬಹುಪ್ರಕ್ರಿಯೆ ವ್ಯವಸ್ಥೆ ಜನರಿಗೆ ತಲುಪಲು ಶುರುವಾದಾಗ, ಆಡ್-ಆನ್ ಹಾಕಿಕೊಂಡವರನ್ನು ಮೊದಮೊದಲು ಹೊರಗಿಡಬೇಕಾಯಿತು. ಬ್ರೌಸರನ್ನು ಅತಿ ಹೆಚ್ಚು ಪ್ರೀತಿಸಿ, ತಮಗೆ ಬೇಕಾದಂತೆ ತಿದ್ದಿಕೊಂಡವರಿಗೇ ಅದರ ಒಳ್ಳೆಯ ರೂಪ ತಡವಾಗಿ ಸಿಕ್ಕಿತು.

2015ರ ಆಗಸ್ಟ್‌ನಲ್ಲೇ ಮೊಜಿಲ್ಲಾ ದಾರಿ ಹೇಳಿಬಿಟ್ಟಿತ್ತು. ಝೂಲ್ ಆಧಾರಿತ ಆಡ್-ಆನ್‌ಗಳನ್ನು ಕೈಬಿಡುತ್ತೇವೆ, ಇನ್ನು ಮುಂದೆ ವೆಬ್‌ಎಕ್ಸ್‌ಟೆನ್ಷನ್ಸ್. ಇದು ಹೆಚ್ಚೂಕಡಿಮೆ ಕ್ರೋಮ್‌ನ ಎಕ್ಸ್‌ಟೆನ್ಷನ್ ಮಾದರಿ. ಗೋಡೆಗೆ ಮೊಳೆ ಇಲ್ಲ, ಮಾಲೀಕ ಕೊಟ್ಟ ಪ್ಲಗ್ ಪಾಯಿಂಟ್‌ಗಳಿಗೆ ವೈರ್ ಸಿಗಿಸಿಕೊಳ್ಳಬೇಕು. ಗೋಡೆ ಬದಲಾದರೂ ಪಾಯಿಂಟ್ ಅಲ್ಲೇ ಇರುತ್ತೆ ಅನ್ನುವ ಭರವಸೆ. ಪಾಯಿಂಟ್ ಇಲ್ಲದ ಕಡೆ ಏನೂ ಮಾಡುವ ಹಾಗಿಲ್ಲ.

2017ರ ನವೆಂಬರ್ 14ರಂದು ಫೈರ್‌ಫಾಕ್ಸ್ 57, 'ಕ್ವಾಂಟಮ್' ಹೆಸರಲ್ಲಿ ಬಂತು. ವೇಗ ನಿಜಕ್ಕೂ ಬೇರೆಯೇ ಮಟ್ಟದ್ದು. ಅದೇ ಗಳಿಗೆಯಲ್ಲಿ ಹಳೇ ಆಡ್-ಆನ್‌ಗಳೆಲ್ಲ 'ಲೆಗಸಿ' ಎಂಬ ಹಣೆಪಟ್ಟಿ ಹಚ್ಚಿಕೊಂಡು ಒಂದು ಮೂಲೆಗೆ ಬಿದ್ದವು. ನೋಸ್ಕ್ರಿಪ್ಟ್ ಕೆಲವೇ ದಿನಗಳಲ್ಲಿ ಹೊಸ ರೂಪದಲ್ಲಿ ಬಂತು. ಟ್ರೀ ಸ್ಟೈಲ್ ಟ್ಯಾಬ್ ಉಳಿಯಿತು. ಡೌನ್‌ದೆಮ್‌ಆಲ್ 2019ರಲ್ಲಿ, ಕೆಲವು ಸೌಲಭ್ಯ ಕಳೆದುಕೊಂಡು ಮರಳಿತು. ಬ್ರೌಸರ್‌ನ ಹಳೇ ಮುಖ ಉಳಿಸಿಕೊಡುತ್ತಿದ್ದ ಕ್ಲಾಸಿಕ್ ಥೀಮ್ ರಿಸ್ಟೋರರ್ ಮಾತ್ರ ಬರಲೇ ಇಲ್ಲ. ಬರುವುದಕ್ಕೆ ಸಾಧ್ಯವೂ ಇರಲಿಲ್ಲ, ಅದಕ್ಕೆ ಬೇಕಾದ ಪಾಯಿಂಟೇ ಗೋಡೆಯಲ್ಲಿ ಇಲ್ಲ.

ಎರಡು ವರ್ಷ ಮೊದಲೇ ಹೇಳಿದ್ದರಲ್ಲ ಅಂತ ಕೆಲವರು ಕೇಳಬಹುದು. ಹೇಳಿದ್ದು ಡೆವಲಪರ್‌ಗಳಿಗೆ. ಸಂಬಳ ಇಲ್ಲದೆ, ರಾತ್ರಿ ಹೊತ್ತು ಕೂತು ಆಡ್-ಆನ್ ಬರೆದವರಿಗೆ ಇಡೀ ಕೋಡ್ ಮತ್ತೆ ಬರೆಯಿರಿ ಅಂದರೆ ಬಹಳ ಜನ ಕೈಮುಗಿದು ಹೊರಟರು. ಬಳಕೆದಾರರಿಗೆ ಗೊತ್ತಾಗಿದ್ದು ಬಟನ್ ಮಾಯವಾದ ಮೇಲೆ. ಮೊಜಿಲ್ಲಾ ಮಾಡಿದ ಬದಲಾವಣೆ ತಪ್ಪಲ್ಲ ಅಂತಲೇ ನನ್ನ ಅಭಿಪ್ರಾಯ. ಬ್ರೌಸರ್‌ನ ಒಳಗೆಲ್ಲ ಕೈಯಾಡಿಸಬಲ್ಲ ತಂತ್ರಾಂಶವನ್ನು ಬ್ಯಾಂಕ್ ವ್ಯವಹಾರದ ಕಾಲದಲ್ಲಿ ಉಳಿಸಿಕೊಳ್ಳುವುದು ಕಷ್ಟ. ಆದರೆ "ಈ ಆಡ್-ಆನ್‌ನಲ್ಲಿ ನಿಮ್ಮ ಡೇಟಾ ಇದೆ, ಇಲ್ಲಿಂದ ತೆಗೆದಿಟ್ಟುಕೊಳ್ಳಿ" ಅಂತ ಬಳಕೆದಾರರ ಕಣ್ಣಿಗೆ ಕಾಣುವ ಒಂದು ಸಾಲು ಹೇಳಬಹುದಿತ್ತು.

ದಾವಣಗೆರೆಯ ಟೆಂಡರ್

ಪ್ಲಗಿನ್‌ಗಳ ಸಾವು ಇನ್ನೊಂದು ಕತೆ. ಇದು ನಮ್ಮ ಊರುಗಳಿಗೆ ಹೆಚ್ಚು ತಟ್ಟಿತು. ನೆಟ್‌ಸ್ಕೇಪ್ ಕಾಲದ, ಅಂದರೆ 1990ರ ದಶಕದ ಪ್ಲಗಿನ್ ವ್ಯವಸ್ಥೆಯನ್ನು ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ 45ನೇ ಆವೃತ್ತಿಯಿಂದ ತೆಗೆದುಹಾಕಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ, 52ನೇ ಆವೃತ್ತಿಯಲ್ಲಿ, ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದೆಲ್ಲಕ್ಕೂ ಬಾಗಿಲು ಹಾಕಿತು. ಫ್ಲ್ಯಾಶ್‌ಗೆ ಅಡೋಬಿಯೇ 2020ರ ಡಿಸೆಂಬರ್ 31ಕ್ಕೆ ಮಂಗಳ ಹಾಡಿತು.

ಆಗ ಸರ್ಕಾರಿ ಟೆಂಡರ್ ತಾಣಗಳಲ್ಲಿ ಡಿಜಿಟಲ್ ಸಹಿ ಹಾಕಬೇಕಾದರೆ ಯುಎಸ್‌ಬಿ ಟೋಕನ್ ಚುಚ್ಚಬೇಕು, ಪುಟದೊಳಗೆ ಒಂದು ಜಾವಾ ಆಪ್ಲೆಟ್ ಓಡಬೇಕು, ಅದು ಟೋಕನ್ ಓದಿ ಸಹಿ ಮಾಡಬೇಕು. ದಾವಣಗೆರೆಯಲ್ಲಿ ನನ್ನ ದೊಡ್ಡಪ್ಪನ ಮಗ ಚರಂಡಿ, ಕಾಂಪೌಂಡ್ ಕೆಲಸ ಹಿಡಿಯುವ ಸಣ್ಣ ಕಂಟ್ರಾಕ್ಟರ್. ಟೆಂಡರ್‌ನ ಕೊನೇ ದಿನ ಮಧ್ಯಾಹ್ನ ಫೋನ್ ಮಾಡಿದ: "ಲೋ, ನಿನ್ನೆ ತನಕ ಸರಿ ಇತ್ತು, ಇವತ್ತು ಸಹಿ ಜಾಗ ಬೆಳ್ಳಗೆ ಕಾಣ್ತೈತಿ. ನಾಕು ಗಂಟಿಗೆ ಕ್ಲೋಸು." ಹಿಂದಿನ ರಾತ್ರಿ ಬ್ರೌಸರ್ ಅಪ್‌ಡೇಟ್ ಆಗಿತ್ತು. "ಅಣ್ಣ, ಇಂಟರ್ನೆಟ್ ಎಕ್ಸ್‌ಪ್ಲೋರರ್ ಐತಾ ನೋಡು" ಅಂದೆ. ಇತ್ತು. ಮೂರೂ ಮುಕ್ಕಾಲಿಗೆ ಸಹಿ ಬಿತ್ತು.

ಹೀಗೆ ಬಚಾವಾದವರು ಮುಂದೆ ಮಾಡಿದ ಕೆಲಸ ಅಪಾಯದ್ದು. ಒಂದು ಕಂಪ್ಯೂಟರನ್ನು 'ಟೆಂಡರ್ ಸಿಸ್ಟಂ' ಅಂತ ಬೇರೆ ಇಟ್ಟು, ಹಳೇ ಬ್ರೌಸರ್, ಹಳೇ ಜಾವಾ ಹಾಕಿ, ಅಪ್‌ಡೇಟ್ ಬಂದ್ ಮಾಡಿದರು. ಅದರಲ್ಲೇ ಇಮೇಲ್, ಅದರಲ್ಲೇ ನೆಟ್ ಬ್ಯಾಂಕಿಂಗ್. ಪ್ಲಗಿನ್ ಉಳಿಸಿಕೊಂಡ ಫೈರ್‌ಫಾಕ್ಸ್‌ನ ಕೊನೆಯ ದೀರ್ಘಾವಧಿ ಆವೃತ್ತಿ 52ಕ್ಕೆ 2018ರ ಸೆಪ್ಟೆಂಬರ್‌ನಲ್ಲೇ ಬೆಂಬಲ ನಿಂತಿತು. ವಿಂಡೋಸ್ 10ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿವೃತ್ತವಾಯಿತು. ಈಗ ಸಹಿಗೆ ಕಂಪ್ಯೂಟರ್‌ನಲ್ಲೇ ಪ್ರತ್ಯೇಕ ಸಹಿ ತಂತ್ರಾಂಶ ಹಾಕಿಕೊಳ್ಳುವ ಪದ್ಧತಿ ಬಂದಿದೆ. ಇನ್ನೂ ಹಳೇ ಪುಟವೇ ಗತಿ ಅನ್ನುವವರಿಗೆ ಎಡ್ಜ್ ಬ್ರೌಸರ್‌ನಲ್ಲಿ 'ಐಇ ಮೋಡ್' ಇದೆ. ಆ ಒಂದು ತಾಣಕ್ಕೆ ಮಾತ್ರ ಅದನ್ನು ಹಚ್ಚಿಕೊಳ್ಳಬಹುದು. ಇಡೀ ಕಂಪ್ಯೂಟರನ್ನು ಹಳತಾಗಿಸುವುದು ಬೇಕಿಲ್ಲ.

ಅಪ್‌ಡೇಟ್ ಮಾಡದೆಯೂ ಸತ್ತ ದಿನ

2019ರ ಮೇ 4, ಶನಿವಾರ. ಪ್ರಪಂಚದಾದ್ಯಂತ ಫೈರ್‌ಫಾಕ್ಸ್ ಬಳಸುವವರ ಆಡ್-ಆನ್‌ಗಳೆಲ್ಲ ಒಂದೊಂದಾಗಿ ಆರಿಹೋದವು. ಯಾರೂ ಅಪ್‌ಡೇಟ್ ಮಾಡಿರಲಿಲ್ಲ. ಆಡ್-ಆನ್‌ಗಳಲ್ಲೂ ತಪ್ಪಿರಲಿಲ್ಲ.

ದುಷ್ಟ ಆಡ್-ಆನ್‌ಗಳನ್ನು ತಡೆಯಲು ಮೊಜಿಲ್ಲಾ 2016ರ ಹೊತ್ತಿಗೆ ಪ್ರತಿ ಆಡ್-ಆನ್‌ಗೂ ತನ್ನ ಡಿಜಿಟಲ್ ಸಹಿ ಕಡ್ಡಾಯ ಮಾಡಿತ್ತು. ಆ ಸಹಿಯ ಸರಪಳಿಯಲ್ಲಿ ಮಧ್ಯದ ಒಂದು ಪ್ರಮಾಣಪತ್ರದ ಅವಧಿ ಅವತ್ತು ಮುಗಿಯಿತು, ನವೀಕರಿಸುವುದನ್ನು ಮರೆತಿದ್ದರು. ಫೈರ್‌ಫಾಕ್ಸ್ 24 ಗಂಟೆಗೊಮ್ಮೆ ಸಹಿ ಪರೀಕ್ಷಿಸುತ್ತೆ, ಹಾಗಾಗಿ ಎಲ್ಲರಿಗೂ ಒಂದೇ ಕ್ಷಣಕ್ಕೆ ಬಡಿಯಲಿಲ್ಲ. ಫೈರ್‌ಫಾಕ್ಸ್ ಆಧಾರಿತ ಟಾರ್ ಬ್ರೌಸರ್‌ನಲ್ಲಿ ನೋಸ್ಕ್ರಿಪ್ಟ್ ಕೂಡ ಆರಿತು. ಗುರುತು ಮುಚ್ಚಿಟ್ಟುಕೊಳ್ಳಲೇಬೇಕಾದ ಜನ ಬಳಸುವ ಬ್ರೌಸರ್ ಅದು. ಮರುದಿನ 66.0.4 ಆವೃತ್ತಿ ಬಂದು ಬಹುಪಾಲು ಸರಿಹೋಯಿತು.

ಆ ಒಂದು ದಿನದಲ್ಲಿ ಗಾಬರಿಗೆ ಬಿದ್ದು ಆಡ್-ಆನ್ ಕಿತ್ತು ಮತ್ತೆ ಹಾಕಲು ಹೋದವರು ತಮ್ಮ ಸೆಟ್ಟಿಂಗ್ ಕಳೆದುಕೊಂಡರು. ಸುಮ್ಮನೆ ಕೂತವರಿಗೆ ಎಲ್ಲ ವಾಪಸ್ ಬಂತು. ಅಳಿಸಬೇಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

2025ರ ಮಾರ್ಚ್ 14ರಂದು ಇನ್ನೊಂದು ಪ್ರಮಾಣಪತ್ರದ ಅವಧಿ ಮುಗಿಯಿತು, ಈ ಸಲ ಮೂಲ ಪ್ರಮಾಣಪತ್ರವೇ. ಮೊಜಿಲ್ಲಾ ತಿಂಗಳುಗಳ ಮೊದಲೇ ಎಚ್ಚರಿಸಿತ್ತು. ಫೈರ್‌ಫಾಕ್ಸ್ 128ಕ್ಕಿಂತ, ದೀರ್ಘಾವಧಿ ಸರಣಿಯಲ್ಲಾದರೆ 115.13ಕ್ಕಿಂತ ಹಳತಾದವುಗಳಲ್ಲಿ ಆಡ್-ಆನ್ ನಿಲ್ಲುತ್ತೆ ಅಂತ. ಅಪ್‌ಡೇಟ್ ಮಾಡಿದರೆ ಆಡ್-ಆನ್ ಹೋಗುತ್ತೆ ಅಂತ ಹೆದರಿ ಅಪ್‌ಡೇಟ್ ನಿಲ್ಲಿಸಿದ್ದವರ ಆಡ್-ಆನ್ ಅಪ್‌ಡೇಟ್ ಮಾಡದ್ದಕ್ಕೇ ಹೋಯಿತು. ವಿಂಡೋಸ್ 7 ಇರುವ ಹಳೇ ಕಂಪ್ಯೂಟರ್‌ಗಳು ನಮ್ಮ ಕಚೇರಿ, ಜೆರಾಕ್ಸ್ ಅಂಗಡಿಗಳಲ್ಲಿ ಇನ್ನೂ ಇವೆ. ಅವುಗಳಿಗೆ ಫೈರ್‌ಫಾಕ್ಸ್ 115ರ ದೀರ್ಘಾವಧಿ ಸರಣಿಯೇ ಕೊನೆ. ಕ್ರೋಮ್ 109ಕ್ಕೇ ನಿಂತಿದೆ. ಅಂಥ ಕಡೆ ಆಡ್-ಆನ್ ನಿಂತರೆ ಮೊದಲು ಕಂಪ್ಯೂಟರ್‌ನ ಗಡಿಯಾರದ ದಿನಾಂಕ ನೋಡಿ. ಮದರ್‌ಬೋರ್ಡ್ ಬ್ಯಾಟರಿ ಸತ್ತು ವರ್ಷ ತಪ್ಪಾಗಿದ್ದರೂ ಪ್ರಮಾಣಪತ್ರದ ಪರೀಕ್ಷೆ ಕೆಡಬಹುದು. ಆಮೇಲೆ ಆ ಸರಣಿಯ ಇತ್ತೀಚಿನ ಅಪ್‌ಡೇಟ್ ಹಾಕಿ.

ಜಾಹೀರಾತು ತಡೆಯುವವರನ್ನು ತಡೆದವರು

ಈಗ ಹೆಚ್ಚು ಜನ ಕೇಳುವ ಪ್ರಶ್ನೆ ಕ್ರೋಮ್‌ದು. "ಯುಬ್ಲಾಕ್ ಆರಿಜಿನ್ ಇನ್ನು ಬೆಂಬಲಿತವಲ್ಲ ಅಂತ ಬರ್ತಿದೆ, ವೈರಸ್ಸಾ?" ವೈರಸ್ ಅಲ್ಲ.

ಕ್ರೋಮ್ ಎಕ್ಸ್‌ಟೆನ್ಷನ್‌ಗಳಿಗೆ 'ಮ್ಯಾನಿಫೆಸ್ಟ್' ಅನ್ನೋ ಒಂದು ಜಾತಕ ಇರುತ್ತೆ. ಯಾವ ಅನುಮತಿ ಬೇಕು, ಯಾವ ನಿಯಮದಡಿ ಓಡಬೇಕು ಎಲ್ಲ ಅದರಲ್ಲಿ. ಅದರ ಮೂರನೇ ಆವೃತ್ತಿಯನ್ನು ಕ್ರೋಮ್ 2021ರ ಜನವರಿಯಲ್ಲಿ, 88ನೇ ಆವೃತ್ತಿಯಲ್ಲಿ ತಂದಿತು. ಎರಡನೇ ಆವೃತ್ತಿಯವನ್ನು ನಿಲ್ಲಿಸುವ ಗಡುವನ್ನು ಮುಂದೂಡುತ್ತಾ ಬಂದು, 2024ರ ಜೂನ್‌ನಿಂದ ಪರೀಕ್ಷಾ ಆವೃತ್ತಿಗಳಲ್ಲಿ, ಆ ವರ್ಷದ ಕೊನೆಯಿಂದ ಎಲ್ಲರ ಕ್ರೋಮ್‌ನಲ್ಲಿ ಹಂತಹಂತವಾಗಿ ಆರಿಸಿತು. 2025ರ ಮಧ್ಯದ ಹೊತ್ತಿಗೆ ಕಂಪನಿಗಳಿಗೆ ಕೊಟ್ಟಿದ್ದ ವಿನಾಯಿತಿಯೂ ಮುಗಿಯಿತು.

ಬದಲಾದದ್ದು ಏನು? ಹಿಂದೆ ಪುಟವೊಂದು ಯಾವುದೇ ಕಡತ ಕೇಳಿದಾಗ, ಬ್ರೌಸರ್ ಒಂದು ಕ್ಷಣ ನಿಂತು ಎಕ್ಸ್‌ಟೆನ್ಷನ್ನನ್ನು ಕೇಳುತ್ತಿತ್ತು, "ಬಿಡಲಾ, ಬೇಡವಾ?" ನಿರ್ಧಾರ ಎಕ್ಸ್‌ಟೆನ್ಷನ್‌ದು. ಹೊಸ ನಿಯಮದಲ್ಲಿ ಹಾಗಿಲ್ಲ. ಎಕ್ಸ್‌ಟೆನ್ಷನ್ ಮೊದಲೇ ಒಂದು ಪಟ್ಟಿ ಬರೆದು ಬ್ರೌಸರ್‌ಗೆ ಒಪ್ಪಿಸಬೇಕು. ಪಟ್ಟಿ ನೋಡಿ ನಿರ್ಧರಿಸುವುದು ಬ್ರೌಸರ್. ಪಟ್ಟಿಗೆ ಮಿತಿ ಇದೆ: ಪ್ರತಿ ಎಕ್ಸ್‌ಟೆನ್ಷನ್‌ಗೆ ಖಾತರಿ 30,000 ಸ್ಥಿರ ನಿಯಮ, ಅದಕ್ಕೆ ಮೇಲೆ ಬೇಕಾದರೆ ಎಲ್ಲರೂ ಹಂಚಿಕೊಳ್ಳುವ ಒಂದು ಸಾಮಾನ್ಯ ಖಾತೆ. ಜೊತೆಗೆ, ಹಿನ್ನೆಲೆಯಲ್ಲಿ ಸದಾ ಓಡುತ್ತಿದ್ದ ಎಕ್ಸ್‌ಟೆನ್ಷನ್ ಈಗ ಕೆಲಸ ಇಲ್ಲದಿದ್ದರೆ ಸುಮಾರು 30 ಸೆಕೆಂಡಿಗೆ ಮಲಗುತ್ತೆ. ಹೊರಗಿನಿಂದ ಕೋಡ್ ತರಿಸಿ ಓಡಿಸುವ ಹಾಗೂ ಇಲ್ಲ.

ಗೂಗಲ್ ವಾದದಲ್ಲಿ ಹುರುಳಿಲ್ಲದೆ ಇಲ್ಲ. ನೀವು ನೋಡುವ ಪ್ರತಿ ಪುಟದ ಪ್ರತಿ ಕೋರಿಕೆಯನ್ನೂ ಕಾಣಬಲ್ಲ ಎಕ್ಸ್‌ಟೆನ್ಷನ್ ದುಷ್ಟರ ಕೈಗೆ ಸಿಕ್ಕರೆ ಗತಿ ಏನು? ಇದಕ್ಕೆ ಉದಾಹರಣೆಯೂ ಇದೆ. ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿದ್ದ 'ದಿ ಗ್ರೇಟ್ ಸಸ್ಪೆಂಡರ್' 2020ರಲ್ಲಿ ಯಾರಿಗೋ ಮಾರಾಟವಾಯಿತು. ಅಪರಿಚಿತ ಮಾಲೀಕರ ಕೈಯಲ್ಲಿ ಅನುಮಾನಾಸ್ಪದ ಕೋಡ್ ಸೇರಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಎಲ್ಲರ ಬ್ರೌಸರ್‌ನಲ್ಲೂ ಆರಿಸಿತು. ಮಲಗಿದ್ದ ಟ್ಯಾಬ್‌ಗಳೆಲ್ಲ ಖಾಲಿಯಾದವು ಅಂತ ಜನ ಕೂಗಾಡಿದರು, ಆದರೆ ಆರಿಸಿದ್ದು ಸರಿಯಾಗಿತ್ತು. ಆ ಟ್ಯಾಬ್‌ಗಳೂ ನಿಜವಾಗಿ ಹೋಗಿರಲಿಲ್ಲ. ವಿಳಾಸಪಟ್ಟಿಯಲ್ಲಿ ಕಾಣುತ್ತಿದ್ದ ಉದ್ದ ಸಾಲಿನ ಬಾಲದಲ್ಲಿ ಮೂಲ ಪುಟದ ವಿಳಾಸ ಹಾಗೇ ಇತ್ತು. ಮುಂದಿನದ್ದನ್ನು ಅಳಿಸಿದರೆ ಪುಟ ತೆರೆಯುತ್ತಿತ್ತು. ಟ್ಯಾಬ್ ಮುಚ್ಚಿದವರಿಗೆ ಅದೂ ಸಿಗಲಿಲ್ಲ.

ಆದರೂ ಮ್ಯಾನಿಫೆಸ್ಟ್ ಮೂರರ ವಿಚಾರದಲ್ಲಿ ನನಗೆ ಸಮಾಧಾನ ಇಲ್ಲ. ಹೊಸ ನಿಯಮದಲ್ಲೂ ಕೋರಿಕೆಗಳನ್ನು ನೋಡುವುದಕ್ಕೆ ಅಡ್ಡಿ ಇಲ್ಲ, ತಡೆಯುವುದಕ್ಕೆ ಮಾತ್ರ ಕಡಿವಾಣ. ಬೇಹುಗಾರಿಕೆಯ ಭಯ ಇದ್ದರೆ ಮೊದಲು ಮುಚ್ಚಬೇಕಿದ್ದ ಬಾಗಿಲು ಯಾವುದು? ಪ್ರಪಂಚದ ಬ್ರೌಸರ್ ಬಳಕೆಯಲ್ಲಿ ಸುಮಾರು ಮೂರನೇ ಎರಡರಷ್ಟು ಪಾಲಿರುವ ಕಂಪನಿ, ತನ್ನ ಆದಾಯದ ಬಹುಪಾಲನ್ನು ಜಾಹೀರಾತಿನಿಂದ ಗಳಿಸುವ ಕಂಪನಿ, ಜಾಹೀರಾತು ತಡೆಯುವ ತಂತ್ರಾಂಶಕ್ಕೆ ನಿಯಮ ಬರೆಯುತ್ತಿದೆ. ದುರುದ್ದೇಶ ಇದೆ ಅಂತ ನಾನು ಸಾಬೀತು ಮಾಡಲಾರೆ. ಕುರಿ ಕಾಯೋಕೆ ತೋಳವನ್ನು ಬಿಟ್ಟ ಮೇಲೆ, ತೋಳ ಸಸ್ಯಾಹಾರಿಯೋ ಅಂತ ತನಿಖೆ ಮಾಡುವ ಹೊಣೆ ಕುರಿಯದ್ದಾಗಬಾರದು ಅನ್ನೋದಷ್ಟೇ ನನ್ನ ತಕರಾರು. ನಾನು ಬರೆಯುವುದೂ ಡಿಜಿಟಲ್ ಮಾಧ್ಯಮದಲ್ಲಿ, ಈ ಕ್ಷೇತ್ರದ ಎಷ್ಟೋ ಜನರ ಅನ್ನಕ್ಕೆ ಜಾಹೀರಾತೂ ಕಾರಣ. ಅದನ್ನು ಮುಚ್ಚಿಟ್ಟು ಮಾತಾಡುವುದು ಬೇಡ.

ಯುಬ್ಲಾಕ್ ಆರಿಜಿನ್ ಬರೆದ ರೇಮಂಡ್ ಹಿಲ್ ಹೊಸ ನಿಯಮಕ್ಕೆ 'ಯುಬ್ಲಾಕ್ ಆರಿಜಿನ್ ಲೈಟ್' ಕೊಟ್ಟಿದ್ದಾರೆ. ಸಾಮಾನ್ಯ ಬಳಕೆಗೆ ಸಾಕು. ಆದರೆ ಅದು ಹಳೆಯದರ ಅಪ್‌ಡೇಟ್ ಅಲ್ಲ, ಬೇರೆಯೇ ಎಕ್ಸ್‌ಟೆನ್ಷನ್. ನೀವು ಬರೆದುಕೊಂಡ ನಿಯಮಗಳು ತಾವಾಗಿ ಅದಕ್ಕೆ ಬರೋದಿಲ್ಲ. ಫೈರ್‌ಫಾಕ್ಸ್ ಹಳೇ ತಡೆ ವ್ಯವಸ್ಥೆಯನ್ನು ಉಳಿಸಿಕೊಂಡಿದೆ, ಅಲ್ಲಿ ಮೂಲ ಯುಬ್ಲಾಕ್ ಆರಿಜಿನ್ ಹಾಗೇ ಓಡುತ್ತೆ. ಬ್ರೇವ್ ಬ್ರೌಸರ್‌ನಲ್ಲಿ ತಡೆಯುವ ವ್ಯವಸ್ಥೆ ಒಳಗೇ ಇರುವುದರಿಂದ ಎಕ್ಸ್‌ಟೆನ್ಷನ್ ಬೇಕಾಗಿಲ್ಲ. ಮೊಬೈಲ್‌ನಲ್ಲಿ ಫೈರ್‌ಫಾಕ್ಸ್ 2020ರ ಹೊಸ ರೂಪದಲ್ಲಿ ಆಡ್-ಆನ್‌ಗಳನ್ನು ಬೆರಳೆಣಿಕೆಗೆ ಇಳಿಸಿ ಬಹಳ ಬೈಸಿಕೊಂಡಿತ್ತು. 2023ರ ಡಿಸೆಂಬರ್‌ನಲ್ಲಿ ಮತ್ತೆ ನೂರಾರಕ್ಕೆ ಬಾಗಿಲು ತೆರೆದಿದೆ.

ಮೊದಲ ಅರ್ಧ ಗಂಟೆ

ಬಟನ್ ಕಾಣಲಿಲ್ಲ ಅಂದ ಕೂಡಲೇ ಆಡ್-ಆನ್ ಸತ್ತಿದೆ ಅಂದುಕೊಳ್ಳಬೇಡಿ. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್‌ಗಳು ಒಗಟಿನ ತುಂಡಿನಂಥ ಚಿತ್ರದ ಹಿಂದೆ ಅಡಗಿರುತ್ತವೆ. ಫೈರ್‌ಫಾಕ್ಸ್‌ನಲ್ಲೂ ಈಗ ಹಾಗೇ. ಅಲ್ಲಿದ್ದರೆ ಪಿನ್ ಮಾಡಿ, ಕತೆ ಮುಗೀತು.

ಅಲ್ಲಿ ಇಲ್ಲವಾದರೆ ಮೆನುವಿನಿಂದ ಎಕ್ಸ್‌ಟೆನ್ಷನ್‌ಗಳ ಪುಟಕ್ಕೆ ಹೋಗಿ, ಅಲ್ಲಿರುವ ಸಂದೇಶವನ್ನು ಪೂರ್ತಿ ಓದಿ, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. 'ಇನ್ನು ಬೆಂಬಲಿತವಲ್ಲ' ಅಂದರೆ ನಿಯಮ ಬದಲಾಗಿದೆ, ಬದಲಿ ಹುಡುಕಬೇಕು. 'ಪರಿಶೀಲಿಸಲಾಗಲಿಲ್ಲ' ಅಂದರೆ ಸಹಿಯ ಸಮಸ್ಯೆ, ದಿನಾಂಕ ನೋಡಿ, ಬ್ರೌಸರ್ ಅಪ್‌ಡೇಟ್ ಮಾಡಿ, ಒಂದು ದಿನ ಕಾಯಿರಿ. 'ಮಾಲ್‌ವೇರ್ ಇದೆ' ಅಂದರೆ ವಾದ ಬೇಡ, ಬಿಟ್ಟುಬಿಡಿ, ಪಾಸ್‌ವರ್ಡ್‌ಗಳನ್ನು ಬದಲಿಸಿ. ಹೊಸ ಅನುಮತಿ ಕೇಳಿ ನಿಂತಿದ್ದರೆ, ಆ ಅನುಮತಿ ಅದರ ಕೆಲಸಕ್ಕೆ ನಿಜವಾಗಿ ಬೇಕಾ ಅಂತ ಯೋಚಿಸಿ ಒಪ್ಪಿಕೊಳ್ಳಿ. ಸಂದೇಶವೇ ಇಲ್ಲ, ಆನ್ ಆಗಿದೆ, ಆದರೆ ಕೆಲಸ ಮಾಡ್ತಿಲ್ಲ ಅಂದರೆ ಎರಡು ಆಡ್-ಆನ್‌ಗಳ ಜಗಳ ಇರಬಹುದು. ಎಲ್ಲವನ್ನೂ ಆರಿಸಿ, ಒಂದೊಂದಾಗಿ ಹೊತ್ತಿಸಿ ನೋಡಿ.

'ಆರಿಸು' ಮತ್ತು 'ತೆಗೆ' ಎರಡೂ ಬಟನ್ ಅಕ್ಕಪಕ್ಕ ಇರುತ್ತವೆ. ಆರಿಸಿದರೆ ಡೇಟಾ ಉಳಿಯುತ್ತೆ. ತೆಗೆದರೆ ಎಕ್ಸ್‌ಟೆನ್ಷನ್ ತನ್ನೊಳಗೆ ಇಟ್ಟುಕೊಂಡಿದ್ದ ಟಿಪ್ಪಣಿ, ಪಟ್ಟಿ, ಸೆಟ್ಟಿಂಗ್ ಎಲ್ಲ ಹೋಗುತ್ತೆ. ಸಂದೇಶವೇ 'ತೆಗೆಯಿರಿ' ಅಂತ ಸಲಹೆ ಕೊಟ್ಟರೂ ತಡೆಯಿರಿ. ಮೊದಲು ಬ್ರೌಸರ್ ಮುಚ್ಚಿ, ಪ್ರೊಫೈಲ್ ಫೋಲ್ಡರನ್ನು ಪೂರ್ತಿ ಬೇರೆ ಕಡೆ ನಕಲು ಮಾಡಿ. ಫೈರ್‌ಫಾಕ್ಸ್‌ನಲ್ಲಿ ಸಹಾಯ ಮೆನುವಿನ ದೋಷನಿವಾರಣೆ ಪುಟದಲ್ಲಿ ಆ ಫೋಲ್ಡರ್ ತೆರೆಯುವ ಬಟನ್ನೇ ಇದೆ. ಫೈರ್‌ಫಾಕ್ಸ್‌ನ 'ರಿಫ್ರೆಶ್' ಬಟನ್ ಯಾರಾದರೂ ಒತ್ತಿಬಿಟ್ಟಿದ್ದರೆ ಎದೆಗುಂದಬೇಡಿ, ಡೆಸ್ಕ್‌ಟಾಪ್‌ನಲ್ಲಿ 'ಓಲ್ಡ್ ಫೈರ್‌ಫಾಕ್ಸ್ ಡೇಟಾ' ಅನ್ನೋ ಫೋಲ್ಡರ್ ಇದೆಯಾ ನೋಡಿ. ಅದನ್ನು ಕಸ ಅಂತ ಅಳಿಸಿದವರನ್ನು ನಾನು ಕಂಡಿದ್ದೇನೆ.

ಹಳೇ ಆವೃತ್ತಿಗೆ ಹಿಂದಿರುಗುವುದು ಕೊನೆಯ ದಾರಿ. 2019ರ 67ನೇ ಆವೃತ್ತಿಯಿಂದ ಈಚೆಗೆ, ಹೊಸದರಲ್ಲಿ ತೆರೆದ ಪ್ರೊಫೈಲನ್ನು ಹಳೇ ಫೈರ್‌ಫಾಕ್ಸ್ ಸುಲಭವಾಗಿ ತೆರೆಯೋದಿಲ್ಲ, ಹೊಸ ಪ್ರೊಫೈಲ್ ಮಾಡು ಅನ್ನುತ್ತೆ. ಒಂದು ಸಲ ಡೇಟಾ ತೆಗೆದುಕೊಳ್ಳಲು ಮಾತ್ರ, ಇಂಟರ್ನೆಟ್ ಬಿಚ್ಚಿಟ್ಟು, ನಕಲು ಮಾಡಿದ ಪ್ರೊಫೈಲ್ ಮೇಲೆ ಈ ಕೆಲಸ ಮಾಡಬಹುದು. ದಿನಬಳಕೆಗೆ ಖಂಡಿತ ಬೇಡ.

ಕನ್ನಡದವರಿಗೆ ಒಂದು ಮಾತು. ಬ್ರೌಸರ್‌ನಲ್ಲಿ ಕನ್ನಡ ಟೈಪ್ ಮಾಡಲು ಎಕ್ಸ್‌ಟೆನ್ಷನ್ ನಂಬಿಕೊಂಡಿದ್ದರೆ ಬಿಟ್ಟುಬಿಡಿ. ಕೀಲಿಮಣೆ ಇರಬೇಕಾದ ಜಾಗ ಬ್ರೌಸರ್ ಅಲ್ಲ. ವಿಂಡೋಸ್ 10ಕ್ಕೆ 2019ರ ಮೇ ಅಪ್‌ಡೇಟ್‌ನಿಂದ ಕನ್ನಡ ಫೋನೆಟಿಕ್ ಕೀಲಿಮಣೆ ಬಂದಿದೆ, ಇನ್‌ಸ್ಕ್ರಿಪ್ಟ್ ಅಂತೂ ಬಹಳ ಹಿಂದಿನಿಂದ ಇದೆ. ಲಿನಕ್ಸ್‌ನಲ್ಲಿ ಕೆಜಿಪಿ ವಿನ್ಯಾಸವೂ ಸಿಗುತ್ತೆ. ಇವು ಬ್ರೌಸರ್ ಬದಲಾದರೂ ಬದಲಾಗೋದಿಲ್ಲ. ಪಾಸ್‌ವರ್ಡ್, ಟಿಪ್ಪಣಿ, ಉಳಿಸಿದ ಪುಟಗಳಿಗೂ ಇದೇ ಲೆಕ್ಕ: ಎಕ್ಸ್‌ಟೆನ್ಷನ್ ಬಾಗಿಲಾಗಿರಲಿ, ಉಗ್ರಾಣ ಬೇರೆ ಕಡೆ ಇರಲಿ. ತಿಂಗಳಿಗೊಮ್ಮೆ 'ಎಕ್ಸ್‌ಪೋರ್ಟ್' ಒತ್ತಿ, ಬಂದ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ. ಎಕ್ಸ್‌ಪೋರ್ಟ್ ಇಲ್ಲದ ಆಡ್-ಆನ್‌ಗೆ ವರ್ಷಗಳ ಕೆಲಸ ಒಪ್ಪಿಸಬೇಡಿ.

ನಮ್ಮ ಮೇಡಂಗೆ ಸಂಗ್ರಹದ ಸುಮಾರು ಅರ್ಧ ವಾಪಸ್ ಸಿಕ್ಕಿತು. ಮೂರು ವರ್ಷ ಹಿಂದೆ ಕಂಪ್ಯೂಟರ್ ಬದಲಿಸುವಾಗ ಯಾರೋ ಇಡೀ ಬಳಕೆದಾರರ ಫೋಲ್ಡರನ್ನು ಒಂದು ಹಾರ್ಡ್‌ಡಿಸ್ಕ್‌ಗೆ ಸುರಿದಿದ್ದರು, ಅದು ಸ್ಟೋರ್ ರೂಮಿನ ಹಳೇ ಕೀಬೋರ್ಡ್‌ಗಳ ಕೆಳಗಿತ್ತು. ಪುಟಗಳು ಯಾವ ಆಡ್-ಆನ್ ಇಲ್ಲದೆಯೂ ತೆರೆದವು. ಆಮೇಲಿನ ಮೂರು ವರ್ಷದ್ದು ಇಲ್ಲ. ನಿವೃತ್ತರಾಗುವ ತನಕ ಅವರು ಮುಖ್ಯ ಅನಿಸಿದ ಪುಟಗಳನ್ನು ಪ್ರಿಂಟ್ ತೆಗೆದು, ಪಂಚ್ ಹೊಡೆದು, ಫೈಲಿಗೆ ಹಾಕುತ್ತಿದ್ದರು. ನಾನು ಪಿಡಿಎಫ್ ಮಾಡೋದು ಹೇಳಿಕೊಡ್ತೀನಿ ಮೇಡಂ ಅಂದರೆ, "ಅದೂ ಇರಲಿ, ಇದೂ ಇರಲಿ ಬಿಡಪ್ಪ" ಅನ್ನುತ್ತಿದ್ದರು.